ಗುಂಯ್‌ಗುಟ್ಟುವ ಐದನೆಯ ತಂತಿ: ಕುಮಟಾ ಕಡಲಂಚಿನ ಒಂದು ಮನೆಯಲ್ಲಿ ಆಡಿಯೋ ಕೇಬಲ್ ಆಯ್ಕೆ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಕುಮಟಾ ತಾಲೂಕಿನ ಕಡಲಂಚಿನ ಒಂದು ಊರಿನಲ್ಲಿ. ಮನೆಯ ಯಜಮಾನರು ನಿವೃತ್ತ ಶಿಕ್ಷಕರಾದ್ದರಿಂದ ನಮ್ಮ ಜಿಲ್ಲೆಯ ರೂಢಿಯಂತೆ ಅವರನ್ನು ಇಲ್ಲಿ ಮಾಸ್ತರರು ಎಂದಷ್ಟೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಮನೆಯವರು, ಅಂಗಡಿ ಯಾವುದರ ಗುರುತೂ ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಅಳತೆಗಳನ್ನೂ ತೀರ್ಮಾನಗಳನ್ನೂ ಮಾತ್ರ ನಡೆದಂತೆಯೇ ಇಟ್ಟಿದ್ದೇನೆ. ನಾನು ಶಿರಸಿಯವನು, ರೇಡಿಯೋ ಮತ್ತು ಆಂಪ್ಲಿಫೈಯರ್ ರಿಪೇರಿ ನನ್ನ ಕಸುಬು. ದೇವಿಮನೆ ಘಟ್ಟ ಇಳಿದು ಒಟ್ಟು ಮೂರು ಸಲ ಆ ಮನೆಗೆ ಹೋಗಿ ಬಂದೆ.

ಸಮುದ್ರದಿಂದ ಸುಮಾರು 400 ಮೀಟರ್ ದೂರದಲ್ಲಿರುವ, ಚಿರೇಕಲ್ಲಿನ ಗೋಡೆ ಮತ್ತು ಹಂಚಿನ ಮಾಡಿನ ಹಳೆಯ ಮನೆ ಅದು. ಜಗಲಿಯನ್ನು ದಾಟಿದ ಕೂಡಲೇ ಸಿಗುವ ನಡುಕೋಣೆಯಲ್ಲಿ ಪಶ್ಚಿಮದ ಕಿಟಕಿಯ ಪಕ್ಕ ಮಾಸ್ತರರ ಸಂಗೀತದ ಸಲಕರಣೆಗಳಿದ್ದವು: ಆಡಿಯೋ ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ಎಲ್‌ಪಿಯ ಗೆರೆಯನ್ನು ಓದುವ ಮುಳ್ಳಿನ ಭಾಗ) ಹಾಕಿದ ಟರ್ನ್‌ಟೇಬಲ್, ಫೋನೋ ಇನ್‌ಪುಟ್ ಇರುವ ಆಂಪ್ಲಿಫೈಯರ್, ಎರಡು ಸಣ್ಣ ಸ್ಪೀಕರುಗಳು, ಲ್ಯಾಪ್‌ಟಾಪಿಗೆ ಜೋಡಿಸಿದ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಧ್ವನಿಯ ವಿದ್ಯುತ್ ಸಂಕೇತವಾಗಿಸುವ ಸಲಕರಣೆ), ಹಾಗೂ ರಾತ್ರಿಯ ಹೊತ್ತು ಮನೆಯವರಿಗೆ ತೊಂದರೆಯಾಗದಂತೆ ಕೇಳಲು ಒಂದು ಹೆಡ್‌ಫೋನ್ ಆಂಪ್ಲಿಫೈಯರ್. ಯಕ್ಷಗಾನದ ದೃಶ್ಯಮುದ್ರಿಕೆಗಳನ್ನು ನೋಡುವಾಗ ಮದ್ದಳೆ, ಚಂಡೆ ಸರಿಯಾಗಿ ಕೇಳಲೆಂದು ಟಿ.ವಿ.ಯ ಧ್ವನಿಯನ್ನೂ ಇದೇ ಆಂಪ್ಲಿಫೈಯರಿಗೆ ಎಳೆದಿದ್ದರು. ಅವರ ತಂದೆಯ ಕಾಲದ ಎಲ್‌ಪಿಗಳಲ್ಲಿ ಹೆಚ್ಚಿನವು ಹಿಂದುಸ್ತಾನಿ ಗಾಯನದವು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರ ತಟ್ಟೆಗಳಿಗೆ ಪ್ರತ್ಯೇಕ ಕಪಾಟೇ ಇತ್ತು. ಮಾಸ್ತರರು ಸ್ವತಃ ಹಾಡುವವರಲ್ಲ. ಆದರೆ ಮನೆಯಲ್ಲಿ ಜೋಡಿ ತಂಬೂರಿ ಇದೆ, ಅದನ್ನು ಶ್ರುತಿ ಮಾಡಿಡುವುದು ಅವರ ಐವತ್ತು ವರ್ಷಗಳ ಅಭ್ಯಾಸ. ಈ ಕೊನೆಯ ಸಂಗತಿಗೆ ನಾನು ಮೊದಲ ದಿನ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ.

ಸಮಸ್ಯೆ

ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು. ಎರಡನೆಯ ಮಳೆಗಾಲ ಹಿಡಿಯುತ್ತಿದ್ದಂತೆ ಎಡಗಡೆಯ ಸ್ಪೀಕರ್ ಆಗಾಗ ಚರಚರ ಎನ್ನತೊಡಗಿತು, ಕೆಲವು ಸಲ ಪೂರ್ತಿ ನಿಂತು ಮತ್ತೆ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಗುಂಯ್ ಎನ್ನುವ ನಿಲ್ಲದ ಸದ್ದು. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆದ್ದರಿಂದ ಈ ಸದ್ದು 50 ಹರ್ಟ್ಜ್‌ನಲ್ಲೂ ಅದರ ಗುಣಕಗಳಾದ 100, 150 ಹರ್ಟ್ಜ್‌ಗಳಲ್ಲೂ ಕೇಳುತ್ತದೆ. ಸಿನಿಮಾ ಹಾಡುಗಳ ತಾಳವಾದ್ಯದ ನಡುವೆ ಅದು ಮರೆಯಾಗಬಹುದು. ವಿಲಂಬಿತ ಖಯಾಲಿನ ಆಲಾಪದಲ್ಲಿ ಮರೆಯಾಗುವುದಿಲ್ಲ. ನಾಲ್ಕು ತಂತಿಯ ತಂಬೂರಿಗೆ ಶ್ರುತಿಗೆ ಸೇರದ ಐದನೆಯ ತಂತಿಯನ್ನು ಯಾರೋ ಕಟ್ಟಿದ ಹಾಗೆ ಆಗಿದೆ ಎಂದು ಮಾಸ್ತರರು ಫೋನಿನಲ್ಲಿ ಹೇಳಿದ್ದರು.

ನನ್ನನ್ನು ಕರೆಯುವ ಮೊದಲು ಅವರು ಮೂರು ಉಪಾಯಗಳನ್ನು ಮಾಡಿ ನೋಡಿದ್ದರು. ಮೊದಲನೆಯದಾಗಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡದ್ದರಿಂದ ಅವನ್ನು ಒರೆಸಿ ತೆಂಗಿನೆಣ್ಣೆಯ ಪಸೆ ಹಚ್ಚಿದ್ದರು. ಕಬ್ಬಿಣದ ಕತ್ತಿಗೆ ಎಣ್ಣೆ ಸವರಿಡುವ ಮನೆಯಲ್ಲಿ ಇದು ಸಹಜವಾದ ಆಲೋಚನೆ, ಆದರೆ ಇಲ್ಲಿ ಸಲ್ಲದು: ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳು ತಾಮ್ರದೊಡನೆ ಸೇರಿ ತಾವೇ ಹಸಿರು ಲವಣವಾಗುತ್ತವೆ, ಮೇಲಾಗಿ ಉಪ್ಪು ಬೆರೆತ ಧೂಳು ಆ ಪಸೆಗೆ ಅಂಟಿಕೊಳ್ಳುತ್ತದೆ. ಎರಡನೆಯದಾಗಿ, ಪರಿಚಯದವರೊಬ್ಬರ ಸಲಹೆಯಂತೆ ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನು ತೆಗೆಸಿದ್ದರು. ಗುಂಯ್ ಸದ್ದು ಅರ್ಧಕ್ಕಿಳಿಯಿತು, ಆದರೆ ಒದ್ದೆ ಕಾಲಿನಲ್ಲಿ ನಿಂತು ಡಬ್ಬಿಯನ್ನು ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಮೂರನೆಯದಾಗಿ, ದೂರದ ನಗರದ ಅಂಗಡಿಯೊಂದರಿಂದ ₹14,000 ಕೊಟ್ಟು ಟರ್ನ್‌ಟೇಬಲಿಗೆ ಬೆಳ್ಳಿಲೇಪದ ತಾಮ್ರದ ಕೇಬಲ್ ತರಿಸಿದ್ದರು. ಕಿಟಕಿಯ ತೇವದಿಂದ ದೂರವಿರಲಿ ಎಂದು ಟರ್ನ್‌ಟೇಬಲನ್ನು ಒಳಗೋಡೆಯ ಬದಿಗೆ ಸರಿಸಿದ್ದರಿಂದ 2.5 ಮೀಟರ್ ಉದ್ದದ್ದೇ ಬೇಕಾಯಿತು.

ಹೊಸ ಕೇಬಲ್ ಹಾಕಿದ ಸಂಜೆ ಚರಚರ ಸದ್ದು ಪೂರ್ತಿ ಹೋಯಿತು, ಗುಂಯ್ ಎನ್ನುವುದೂ ಬಹುಪಾಲು ತಗ್ಗಿತು. ಮಾಸ್ತರರಿಗೆ ಹಣ ಸಾರ್ಥಕವಾಯಿತೆನಿಸಿತು. ಮೂರು ವಾರಗಳೊಳಗೆ ಎರಡೂ ಮರಳಿ ಬಂದವು. ಅದರ ಜೊತೆಗೆ ಹೊಸದೊಂದು ದೂರು ಹುಟ್ಟಿತು: ಎಲ್‌ಪಿಯಲ್ಲಿ ತಂಬೂರಿಯ ನಾದ ಮೊದಲಿನಂತಿಲ್ಲ, ಲ್ಯಾಪ್‌ಟಾಪಿನಿಂದ ಅದೇ ಗಾಯಕರನ್ನು ಕೇಳಿದರೆ ಸರಿಯಾಗಿಯೇ ಇದೆ. ಚೌತಿ ಮುಗಿದ ವಾರ ನನಗೆ ಫೋನ್ ಬಂತು. ಚರಚರ ಮತ್ತು ಗುಂಯ್ ಎರಡನ್ನೂ ನೋಡೋಣ, ಆದರೆ ಕೇಬಲಿನಿಂದ ಸ್ವರ ಬದಲಾಗುವುದಿಲ್ಲ, ಅದು ಮನಸ್ಸಿನ ಭಾವನೆ ಇರಬೇಕು ಎಂದು ನಾನು ಖಚಿತವಾಗಿ ಹೇಳಿಬಿಟ್ಟೆ. ಆ ಮಾತನ್ನು ಮುಂದೆ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಮೊದಲ ಭೇಟಿ: ಸದ್ದು ಹೆಚ್ಚಾಗಲಿ, ಅರ್ಥಿಂಗ್ ಇರಲಿ

ಹೋದ ಕೂಡಲೇ ಮಾಡಿದ ಕೆಲಸ ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ಗನ್ನು ಮರಳಿ ಹಾಕಿದ್ದು. ಲೋಹದ ಡಬ್ಬಿಯೊಳಗೆ ಯಾವುದೋ ತಂತಿಯ ಹೊದಿಕೆ ಸವೆದು ಫೇಸ್ ತಗುಲಿದ ದಿನ, ಅರ್ಥಿಂಗ್ ಇದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಜೀವ ಹೋಗುತ್ತದೆ. ಮಳೆಗಾಲದಲ್ಲಿ ನೆಲವೇ ಬೆವರುವ ಕರಾವಳಿಯ ಮನೆಯಲ್ಲಿ ಈ ವಿಷಯದಲ್ಲಿ ಚೌಕಾಸಿಗೆ ಎಡೆಯಿಲ್ಲ. ಮನೆಯ ಅರ್ಥಿಂಗ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪ್ ಹಾಕಿ ನೋಡಿದೆ. ದೀಪ ಪೂರ್ಣವಾಗಿ ಉರಿಯಿತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ವಿದ್ಯುತ್ತನ್ನು ಕಡಿಯುವ ಸ್ವಿಚ್) ಒಂದನ್ನು ಬೇಗನೆ ಹಾಕಿಸಬೇಕೆಂದೂ ಹೇಳಿದೆ, ಅವರು ದೀಪಾವಳಿಯೊಳಗೆ ಹಾಕಿಸಿದರು.

ಪ್ಲಗ್ ಸರಿಯಾದ ಕೂಡಲೇ ಗುಂಯ್ ಸದ್ದು ಮೊದಲಿಗಿಂತ ಜೋರಾಯಿತು. “ತಮಾ, ಕಡಿಮೆ ಮಾಡಿಕೊಡು ಎಂದು ಕರೆದರೆ ನೀನು ಹೆಚ್ಚು ಮಾಡಿದೆಯಲ್ಲ” ಎಂದು ಮಾಸ್ತರರು ಬೇಸರದಿಂದಲೇ ಹೇಳಿದರು. ಅಂದು ಸಂಜೆಯವರೆಗೆ ಅವರ ಮನಸ್ಸನ್ನು ಒಪ್ಪಿಸುವುದೇ ಕಷ್ಟವಾಯಿತು. ಅರ್ಥಿಂಗ್ ಪಿನ್ ತೆಗೆದಾಗ ಕಡಿಮೆಯಾದ ಸದ್ದು ಅರ್ಥಿಂಗ್ ಇಂದ ಹುಟ್ಟಿದ್ದಲ್ಲ, ಎರಡು ಕಡೆಯ ಅರ್ಥಿಂಗ್ ಸೇರಿ ಆದ ಕುಣಿಕೆಯಿಂದ ಹುಟ್ಟಿದ್ದು, ನಾವು ಹುಡುಕಬೇಕಾದದ್ದು ಆ ಎರಡನೆಯ ಕೊಂಡಿಯನ್ನು ಎಂದು ವಿವರಿಸಿದೆ.

ಹುಡುಕುವ ಕ್ರಮ ಬಹಳ ಸರಳ, ಯಾರಾದರೂ ಮನೆಯಲ್ಲೇ ಮಾಡಬಹುದಾದದ್ದು. ಆಂಪ್ಲಿಫೈಯರಿನ ಎಲ್ಲ ಕೇಬಲುಗಳನ್ನೂ ಕಳಚಿ, ಒಳಪಿನ್ನನ್ನೂ ಹೊರಬಳೆಯನ್ನೂ ಒಂದಕ್ಕೊಂದು ಬೆಸೆದ ಎರಡು ಆರ್‌ಸಿಎ ಪ್ಲಗ್ಗುಗಳನ್ನು (ನಡುವೆ ಪಿನ್, ಸುತ್ತ ಲೋಹದ ಬಳೆ ಇರುವ ಸಾಧಾರಣ ಆಡಿಯೋ ಪ್ಲಗ್) ಇನ್‌ಪುಟ್ಟಿಗೆ ಚುಚ್ಚಿದರೆ ಆಂಪ್ಲಿಫೈಯರಿನ ಸ್ವಂತ ಸದ್ದು ಮಾತ್ರ ಉಳಿಯುತ್ತದೆ. ಇಲ್ಲಿ ಅದು ನಿಶ್ಶಬ್ದವಾಗಿತ್ತು. ಆಮೇಲೆ ಒಂದೊಂದೇ ಕೇಬಲನ್ನು ಮರಳಿ ಹಾಕುತ್ತ ಬಂದೆವು. ಡ್ಯಾಕ್ ಹಾಕಿದಾಗ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೆ ಸದ್ದಿಲ್ಲ, ಚಾರ್ಜರ್ ಚುಚ್ಚಿದರೆ ಸಣ್ಣಗೆ ಗುಂಯ್. ಟಿ.ವಿ.ಯ ಕೇಬಲ್ ಹಾಕಿದ ಕ್ಷಣ ಕೋಣೆ ತುಂಬ ಗುಂಯ್. ಟಿ.ವಿ.ಯ ಸೆಟ್‌ಟಾಪ್ ಬಾಕ್ಸಿಗೆ ಬರುವ, ನಡುತಂತಿಯ ಸುತ್ತ ಲೋಹದ ಹೆಣಿಗೆ ಇರುವ ಕೋ-ಆಕ್ಸಿಯಲ್ ಕೇಬಲನ್ನು ತಿರುಚಿ ತೆಗೆದರೆ ಮತ್ತೆ ಶಾಂತ. ಆ ಕೇಬಲಿನ ಹೊರಹೆಣಿಗೆಗೆ ಬೇರೆಲ್ಲೋ ಬೀದಿಯ ಕಡೆ ಭೂಸಂಪರ್ಕವಿತ್ತು, ಆಂಪ್ಲಿಫೈಯರಿಗೆ ಮನೆಯ ಭೂಸಂಪರ್ಕ. ನಡುವಿನ ಸಣ್ಣ ವೋಲ್ಟೇಜಿನ ಅಂತರ ನಮ್ಮ ಆಡಿಯೋ ಕೇಬಲಿನ ಶೀಲ್ಡಿನ (ಹೊರಹೆಣಿಗೆಯ) ಮೂಲಕ ಸುತ್ತು ಹೊಡೆಯುತ್ತಿತ್ತು.

ಆಗ ಏಳುವ ಪ್ರಶ್ನೆ ಇದು: ಈ ಕುಣಿಕೆ ಮೊದಲ ವರ್ಷವೂ ಇತ್ತಲ್ಲ, ಆಗ ಏಕೆ ಕೇಳಲಿಲ್ಲ? ಉತ್ತರ ಮಲ್ಟಿಮೀಟರಿನಲ್ಲಿ ಸಿಕ್ಕಿತು. ಟಿ.ವಿ. ಮತ್ತು ಡ್ಯಾಕ್ ಕೇಬಲುಗಳ ಹೊರಬಳೆಗೂ ಆಂಪ್ಲಿಫೈಯರಿನ ಜಾಕಿಗೂ ನಡುವಿನ ರೋಧ ಓಮಿನ ಸಣ್ಣ ಭಾಗದಷ್ಟಿರಬೇಕಾದ ಕಡೆ 4 ರಿಂದ 7 ಓಮ್ ತೋರಿಸುತ್ತ, ಪ್ಲಗ್ಗನ್ನು ಅಲುಗಿಸಿದರೆ ಏರಿಳಿಯುತ್ತಿತ್ತು. ಟರ್ನ್‌ಟೇಬಲಿನ ಪ್ರತ್ಯೇಕ ಅರ್ಥ್ ತಂತಿಯನ್ನು ಬಿಗಿಯುವ ತಿರುಪಿನಲ್ಲಂತೂ ಮೀಟರಿನ ಅಂಕಿ ನಿಲ್ಲಲೇ ಇಲ್ಲ. ಆರ್‌ಸಿಎ ಜೋಡಣೆಯಲ್ಲಿ ಹೊರಬಳೆ ಎರಡು ಕೆಲಸ ಮಾಡುತ್ತದೆ, ಸಂಗೀತದ ಸಂಕೇತ ಮರಳುವ ದಾರಿಯೂ ಅದೇ, ಕಸದ ಕರೆಂಟ್ ಹರಿಯುವ ದಾರಿಯೂ ಅದೇ. ಆ ದಾರಿಯಲ್ಲಿ 0.1 ಮಿಲಿಆಂಪಿಯರ್ ಕರೆಂಟ್ ಸುತ್ತುತ್ತಿದೆ ಎಂದು ಇಟ್ಟುಕೊಳ್ಳೋಣ. ರೋಧ 0.1 ಓಮ್ ಇದ್ದರೆ ಅಲ್ಲಿ ಹುಟ್ಟುವ ಗುಂಯ್ 10 ಮೈಕ್ರೋವೋಲ್ಟ್, ಅಂದರೆ 0.3 ವೋಲ್ಟಿನ ಸಂಗೀತದ ಎದುರು ಮೂವತ್ತು ಸಾವಿರದಲ್ಲೊಂದು ಪಾಲು. ಕಿವಿಗೆ ಅದು ಇಲ್ಲದ ಹಾಗೆಯೇ. ರೋಧ 5 ಓಮ್ ಆದರೆ ಅದು ಅರ್ಧ ಮಿಲಿವೋಲ್ಟ್, ಆರುನೂರರಲ್ಲೊಂದು ಪಾಲು. ಆಲಾಪದ ನಡುವಿನ ಮೌನದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕುಣಿಕೆ ಮೊದಲಿನಿಂದಲೂ ಇತ್ತು, ಅದಕ್ಕೆ ದನಿ ಕೊಟ್ಟದ್ದು ಕಿಲುಬು.

ಇಲ್ಲಿ ನಮ್ಮ ಜಿಲ್ಲೆಯ ಒಂದು ವ್ಯತ್ಯಾಸವನ್ನು ಹೇಳಬೇಕು. ಶಿರಸಿಯಲ್ಲೂ ಮಳೆ ಕಡಿಮೆಯೇನಲ್ಲ; ಆದರೆ ಘಟ್ಟದ ಮೇಲಿನ ಮನೆಗಳಿಂದ ನನ್ನಲ್ಲಿಗೆ ಬರುವ ಸಲಕರಣೆಗಳಲ್ಲಿ ನಾನು ಕಾಣುವುದು ಬೂಷ್ಟು, ಎಲ್‌ಪಿಯ ರಟ್ಟಿನ ಮೇಲೆ, ಸ್ಪೀಕರಿನ ಬಟ್ಟೆಯ ಮೇಲೆ. ಕುಮಟಾ, ಅಂಕೋಲಾ, ಕಾರವಾರದ ಕಡೆಯಿಂದ ಬರುವವುಗಳಲ್ಲಿ ಕಾಣುವುದು ಕಿಲುಬು. ಕಡಲಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್, ತೇವದೊಂದಿಗೆ ಸೇರಿ ತಾಮ್ರವನ್ನೂ ಹಿತ್ತಾಳೆಯನ್ನೂ ಕೊರೆಯುತ್ತದೆ. ಚಿನ್ನದ ಲೇಪವಿದೆ ಎಂದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಅಗ್ಗದ ಪ್ಲಗ್ಗುಗಳಲ್ಲಿ ಆ ಲೇಪ ಎಷ್ಟು ತೆಳುವೆಂದರೆ ಅದರ ಸೂಕ್ಷ್ಮ ರಂಧ್ರಗಳಿಂದ ಉಪ್ಪು ಒಳಗಿಳಿದು, ಕೆಳಗಿನ ಲೋಹವನ್ನು ತಿಂದು, ಹಸಿರು ಪುಡಿಯನ್ನು ಚಿನ್ನದ ಮೇಲಕ್ಕೆ ತಂದು ಹಾಕುತ್ತದೆ.

ದುಬಾರಿ ಕೇಬಲ್ ಮೂರು ವಾರ ಏಕೆ ಕೆಲಸ ಮಾಡಿತು

ಆ ದಿನದ ನಿರ್ಣಾಯಕ ಕ್ಷಣ ಬಂದದ್ದು ಹಳೆಯ ಕೇಬಲನ್ನು ಕಪಾಟಿನಿಂದ ತೆಗೆಸಿ ಹಾಕಿದಾಗ. ಏನನ್ನೂ ಸ್ವಚ್ಛ ಮಾಡದೆ, ಹೊಸ ಕೇಬಲನ್ನು ಕಳಚಿ, ಟರ್ನ್‌ಟೇಬಲಿನೊಂದಿಗೆ ಬಂದಿದ್ದ ಸಾಧಾರಣ ಕೇಬಲನ್ನೇ ಎರಡು ಮೂರು ಸಲ ತಿರುಚಿ ಚುಚ್ಚಿ, ಅರ್ಥ್ ತಿರುಪನ್ನು ಸಡಿಲಿಸಿ ಮತ್ತೆ ಬಿಗಿದೆ. ಚರಚರ ನಿಂತಿತು. ಫೋನೋ ಇನ್‌ಪುಟ್ಟಿನ ಗುಂಯ್ ಕೂಡ ಬಹುಪಾಲು ತಗ್ಗಿತು. ಅಂದರೆ ₹14,000 ಕೊಟ್ಟ ದಿನ ನಡೆದದ್ದೇ ಈ ದಿನ ಬಿಡಿಗಾಸಿಲ್ಲದೆ ನಡೆದಿತ್ತು. ಪ್ಲಗ್ಗನ್ನು ಕಳಚಿ ಚುಚ್ಚುವ ಕ್ರಿಯೆಯಲ್ಲಿ ಲೋಹದ ಮೇಲೆ ಲೋಹ ಉಜ್ಜಿ ಕಿಲುಬಿನ ಪದರ ಹರಿಯುತ್ತದೆ, ಕೆಲವು ವಾರ ಸಂಪರ್ಕ ಚೊಕ್ಕವಾಗಿರುತ್ತದೆ, ಆಮೇಲೆ ಉಪ್ಪುಗಾಳಿ ತನ್ನ ಕೆಲಸವನ್ನು ಮತ್ತೆ ಶುರು ಮಾಡುತ್ತದೆ.

ಕೇಬಲ್ ಬದಲಿಸಿದಾಗ ಕೇಬಲ್ ಒಂದೇ ಬದಲಾಗುವುದಿಲ್ಲ. ಸಂಪರ್ಕ ಹೊಸದಾಗುತ್ತದೆ, ತಿರುಪು ಬಿಗಿಯಾಗುತ್ತದೆ, ಹಿಂದಿನ ತಂತಿಗಳ ಗೋಜಲು ಬೇರೆ ರೀತಿಯಲ್ಲಿ ಮಲಗುತ್ತದೆ, ಕೇಳುವವರ ಗಮನವೂ ಹರಿತವಾಗುತ್ತದೆ. ಹೊಸ ಕೇಬಲಿನಿಂದ ಸುಧಾರಣೆ ಕಂಡವರು ಸುಳ್ಳು ಹೇಳುತ್ತಾರೆಂದು ನಾನು ಎಂದೂ ಭಾವಿಸಿಲ್ಲ, ಅವರು ಕೇಳಿದ ಬದಲಾವಣೆ ಅನೇಕ ಸಲ ನಿಜ. ಆದರೆ ಹಳೆಯ ಕೇಬಲನ್ನು ಅದೇ ರೀತಿ ಕಳಚಿ ಚುಚ್ಚಿ ಕೇಳದೆ ಆ ಬದಲಾವಣೆಯ ಕೀರ್ತಿಯನ್ನು ಹೊಸ ಕೇಬಲಿಗೆ ಕೊಡಲು ಬರುವುದಿಲ್ಲ. ಈ ಒಂದು ಪರೀಕ್ಷೆಗೆ ಖರ್ಚೇ ಇಲ್ಲ, ಮತ್ತು ಇದನ್ನೇ ಜನ ಬಿಡುತ್ತಾರೆ, ಏಕೆಂದರೆ ತೊಂದರೆ ಹೋಗಿರುವಾಗ ಹಳೆಯದನ್ನು ಮತ್ತೆ ಹಾಕಿ ನೋಡುವ ಮನಸ್ಸು ಯಾರಿಗೂ ಬರುವುದಿಲ್ಲ.

ಅಂದು ಎಲ್ಲ ಜಾಕುಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆಯ ಪಸೆ ಹೋಗುವಂತೆ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಅರ್ಥ್ ತಿರುಪಿನ ಕೊನೆಗೆ ಹೊಸ ತುದಿ ಬೆಸೆದೆ. ಟಿ.ವಿ.ಯಿಂದ ಆಂಪ್ಲಿಫೈಯರಿಗೆ ಬರುತ್ತಿದ್ದ ಕೇಬಲನ್ನು ಪೂರ್ತಿ ತೆಗೆದು, ಅದರ ಬದಲಿಗೆ ಟಿ.ವಿ.ಯ ಆಪ್ಟಿಕಲ್ ಔಟ್‌ಪುಟ್ಟನ್ನು ಡ್ಯಾಕಿಗೆ ಜೋಡಿಸುವಂತೆ ಹೇಳಿದೆ. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ಎಂಬ ಈ ಜೋಡಣೆಯಲ್ಲಿ ಸಂಕೇತ ಪ್ಲಾಸ್ಟಿಕ್ ಎಳೆಯೊಳಗೆ ಬೆಳಕಾಗಿ ಹೋಗುತ್ತದೆ, ಲೋಹದ ಸಂಪರ್ಕವೇ ಇಲ್ಲದ್ದರಿಂದ ಕುಣಿಕೆ ತಾನಾಗಿ ಕಡಿಯುತ್ತದೆ, ಕಿಲುಬು ಹಿಡಿಯಲು ಅಲ್ಲಿ ತಾಮ್ರವೂ ಇಲ್ಲ. ಲ್ಯಾಪ್‌ಟಾಪಿನ ಚಾರ್ಜರನ್ನು ಆಂಪ್ಲಿಫೈಯರ್ ಇರುವ ಸ್ವಿಚ್‌ಬೋರ್ಡಿಗೇ ತಂದದ್ದರಿಂದ ಆ ಕಡೆಯ ಕುಣಿಕೆಯೂ ಕಿರಿದಾಯಿತು.

ಎರಡನೆಯ ಭೇಟಿ: ಪರದೆಯ ಹಿಂದಿನ ಪರೀಕ್ಷೆ

ಗುಂಯ್ ಹೋಯಿತು, ಆದರೆ ಹೊಸ ಕೇಬಲನ್ನು ಮರಳಿ ಟರ್ನ್‌ಟೇಬಲಿಗೆ ಹಾಕಿಕೊಂಡಿದ್ದ ಮಾಸ್ತರರು ತಂಬೂರಿಯ ದೂರನ್ನು ಬಿಡಲಿಲ್ಲ. ಅವರ ಮಾತನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ: “ಕುದುರೆಯ ಮೇಲಿನ ನೂಲನ್ನು ಯಾರೋ ಕೂದಲೆಳೆಯಷ್ಟು ಸರಿಸಿದ ಹಾಗಿದೆ.” ತಂಬೂರಿಯ ತಂತಿಗೂ ಅದನ್ನು ಹೊರುವ ಸೇತುವೆಯಂಥ ಕುದುರೆಗೂ ನಡುವೆ ಇಡುವ ನೂಲಿನ ಜಾಗ ತುಸು ಸರಿದರೆ ಜವಾರಿ, ಅಂದರೆ ತಂತಿಯ ಝೇಂಕಾರ, ಬದಲಾಗುತ್ತದೆ, ಮೇಲ್ಸ್ವರಗಳ ಗುಂಪು ಬಿಚ್ಚಿಕೊಳ್ಳುವ ಬದಲು ಒಂದು ಕಡೆ ಗಂಟಾಗುತ್ತದೆ. ಇಷ್ಟು ನಿಖರವಾಗಿ ದೂರು ಹೇಳುವವರ ಮಾತನ್ನು ಭಾವನೆ ಎಂದು ತಳ್ಳಿಹಾಕಿದ್ದು ಸರಿಯಲ್ಲವೆಂದು ನನಗೆ ಅನಿಸತೊಡಗಿತ್ತು. ಹಾಗಾಗಿ ಯಾವ ಕೇಬಲ್ ಎಂದು ಕೇಳುವವರಿಗೆ ಕಾಣದಂತೆ ಪರೀಕ್ಷೆ ಮಾಡಿಯೇ ತೀರ್ಮಾನಿಸೋಣ ಎಂದು ಇಬ್ಬರೂ ಒಪ್ಪಿಕೊಂಡೆವು.

ಮೊದಲು ಡ್ಯಾಕ್ ಮತ್ತು ಹೆಡ್‌ಫೋನ್ ಆಂಪ್ಲಿಫೈಯರಿನ ನಡುವೆ ದುಬಾರಿ ಕೇಬಲನ್ನೂ ನಾನು ತಂದಿದ್ದ ₹600ರ ಕೇಬಲನ್ನೂ ಹೋಲಿಸಿದೆವು. ಮಾಸ್ತರರ ಮೊಮ್ಮಗ ಪರದೆಯ ಹಿಂದೆ ಕುಳಿತು, ಪ್ರತಿ ಸಲವೂ ನಾಣ್ಯ ಚಿಮ್ಮಿ, ಅದೇ ಕೇಬಲ್ ಬಂದರೂ ಕಳಚಿ ಮತ್ತೆ ಚುಚ್ಚಿ, ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಹತ್ತು ಸುತ್ತಿನಲ್ಲಿ ಮಾಸ್ತರರು ಸರಿಯಾಗಿ ಹೇಳಿದ್ದು ಆರು. ಬರೀ ಊಹೆಯಿಂದಲೂ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ಶೇ. 38ರಷ್ಟಿರುವುದರಿಂದ ಇದನ್ನು ವ್ಯತ್ಯಾಸ ಎನ್ನಲಾಗದು. ಅವರೂ ಹಾಗೆಯೇ ಹೇಳಿದರು: ಇಲ್ಲಿ ಎರಡೂ ಒಂದೇ.

ಇದು ಲೆಕ್ಕಕ್ಕೆ ಸರಿಹೋಗುವ ಫಲಿತಾಂಶ. ಡ್ಯಾಕಿನ ಔಟ್‌ಪುಟ್ ರೋಧ ಸುಮಾರು 100 ಓಮ್. ದುಬಾರಿ ಕೇಬಲಿನ ಕೆಪಾಸಿಟನ್ಸ್ (ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣ) ಮೀಟರಿನಲ್ಲಿ 330 ಪಿಕೊಫ್ಯಾರಡ್ ಬಂತು. ಇವೆರಡೂ ಸೇರಿ ಮೇಲಿನ ಸ್ವರಗಳನ್ನು ಕತ್ತರಿಸತೊಡಗುವುದು 4.8 ಮೆಗಾಹರ್ಟ್ಜ್ ಹತ್ತಿರ, ಮನುಷ್ಯನ ಕಿವಿಯ ಮಿತಿಯಾದ 20 ಕಿಲೋಹರ್ಟ್ಜ್‌ಗಿಂತ ಇನ್ನೂರು ಪಟ್ಟು ಆಚೆ. ಬೆಳ್ಳಿಯ ಮಾತೂ ಅಷ್ಟೇ. ಬೆಳ್ಳಿಯ ರೋಧ ತಾಮ್ರಕ್ಕಿಂತ ಶೇ. 5ರಿಂದ 6ರಷ್ಟು ಕಡಿಮೆ ಎಂಬುದು ನಿಜ, ಆದರೆ ಒಂದು ಮೀಟರ್ ತೆಳು ತಾಮ್ರದ ತಂತಿಯ ರೋಧವೇ ಓಮಿನ ಹತ್ತನೆಯ ಒಂದು ಪಾಲಿನಷ್ಟಿರುವಾಗ, ಎದುರಿಗಿರುವ ಇನ್‌ಪುಟ್ಟಿನ ರೋಧ ಹತ್ತು ಸಾವಿರ ಓಮಿಗೂ ಮೇಲಿರುವಾಗ, ಆ ಉಳಿತಾಯ ಎಲ್ಲಿ ಕೇಳಬೇಕು? ಕೇಬಲ್ ಚೆನ್ನಾಗಿ ತಯಾರಾದದ್ದೇ, ಅದರ ಹೆಣಿಗೆ ದಟ್ಟವಾಗಿತ್ತು, ಬೆಸುಗೆ ಅಚ್ಚುಕಟ್ಟಾಗಿತ್ತು. ಅದನ್ನು ಒಪ್ಪಬೇಕು.

ಮರುದಿನ ಇದೇ ಪರೀಕ್ಷೆಯನ್ನು ಟರ್ನ್‌ಟೇಬಲಿನಲ್ಲಿ ಮಾಡಿದೆವು. ದುಬಾರಿ ಕೇಬಲಿನ ಎದುರು ನಾನು ಬೆಸೆದುಕೊಂಡು ಹೋಗಿದ್ದ 0.7 ಮೀಟರಿನ ಕೋ-ಆಕ್ಸಿಯಲ್ ಕೇಬಲ್. ಗಿಡ್ಡ ಕೇಬಲ್ ಎಟುಕಬೇಕೆಂದು ಆಂಪ್ಲಿಫೈಯರನ್ನು ತಾತ್ಕಾಲಿಕವಾಗಿ ಹತ್ತಿರ ತಂದಿಟ್ಟಿದ್ದೆವು. ಒಂದೇ ಎಲ್‌ಪಿಯ ಆರಂಭದ ಆಲಾಪ, ಒಂದೇ ವಾಲ್ಯೂಮ್, ಎರಡು ಸಂಜೆಗಳಲ್ಲಿ ಹಂಚಿ ಹತ್ತು ಸುತ್ತು. ಮಾಸ್ತರರು ಒಂಬತ್ತು ಸಲ ಸರಿಯಾಗಿ ಹೇಳಿದರು. ಊಹೆಯಿಂದ ಹೀಗಾಗುವ ಸಂಭವ ಶೇ. 1ರಷ್ಟು ಮಾತ್ರ.

ಅದೇ ಕೇಬಲ್, ಅದೇ ಕಿವಿ. ಡ್ಯಾಕಿನಲ್ಲಿ ವ್ಯತ್ಯಾಸವಿಲ್ಲ, ಟರ್ನ್‌ಟೇಬಲಿನಲ್ಲಿ ಇದೆ. ಫೋನಿನಲ್ಲಿ ನಾನು ಆಡಿದ್ದ ಮಾತನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ.

ಮೂರನೆಯ ಭೇಟಿ: 270 ಪಿಕೊಫ್ಯಾರಡ್

ಕಾರಣ ನನಗೆ ಹೊಳೆಯಬೇಕಿತ್ತು, ತಡವಾಗಿ ಹೊಳೆಯಿತು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಎಂದರೆ ಒಳಗೆ ಸಾವಿರಾರು ಸುತ್ತಿನ ಸುರುಳಿ. ಡ್ಯಾಕಿನಂತೆ 100 ಓಮಿನ ಮೂಲವಲ್ಲ ಅದು; ವಿಎಂ95ಇಯ ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಸುರುಳಿಯ ಗುಣ) 550 ಮಿಲಿಹೆನ್ರಿ, ಹೊರಬರುವ ಸಂಕೇತ ಸುಮಾರು 4 ಮಿಲಿವೋಲ್ಟ್. ಈ ಸುರುಳಿ ತನ್ನ ಮುಂದಿರುವ ಕೆಪಾಸಿಟನ್ಸಿನೊಡನೆ ಸೇರಿ ಒಂದು ಅನುರಣನವನ್ನು ಕಟ್ಟುತ್ತದೆ. ತಯಾರಕರು ಹೇಳುವ ಒಟ್ಟು ಕೆಪಾಸಿಟನ್ಸ್ 100 ರಿಂದ 200 ಪಿಕೊಫ್ಯಾರಡ್. ಮಾಸ್ತರರ ಆಂಪ್ಲಿಫೈಯರಿನ ಫೋನೋ ಇನ್‌ಪುಟ್ಟಿನಲ್ಲೇ 100, ಟೋನ್‌ಆರ್ಮಿನ ಒಳತಂತಿಯಲ್ಲಿ ಸುಮಾರು 30, ಅದರ ಮೇಲೆ ದುಬಾರಿ ಕೇಬಲಿನ 330 ಸೇರಿ 460. ಆಗ ಅನುರಣನ 10 ಕಿಲೋಹರ್ಟ್ಜ್‌ಗೆ ಇಳಿದು, ಅದರ ಸುತ್ತಲಿನ ಸ್ವರಗಳು ಉಬ್ಬಿ, ಅದರಾಚೆಯವು ಥಟ್ಟನೆ ಕುಸಿಯುತ್ತವೆ. ನನ್ನ ಗಿಡ್ಡ ಕೇಬಲ್ ಅಳತೆಯಲ್ಲಿ 52 ಬಂದಿತ್ತು, ಒಟ್ಟು 182. ಅನುರಣನ 16 ಕಿಲೋಹರ್ಟ್ಜ್‌ನಲ್ಲಿ, ಉಬ್ಬೂ ಬಹಳ ಕಡಿಮೆ. ತಂಬೂರಿಯ ಜವಾರಿಯ ಮೇಲ್ಸ್ವರಗಳು ಬಿಚ್ಚಿಕೊಳ್ಳುವ ಎಡೆ ಇದೇ. ನೂಲು ಸರಿದಂತಿದೆ ಎಂಬ ಮಾಸ್ತರರ ಮಾತು ನನ್ನ ಮೀಟರಿಗಿಂತ ಮೊದಲೇ ಸರಿಯಾದ ಜಾಗವನ್ನು ತೋರಿಸಿತ್ತು.

ಆದರೂ ಒಂದು ಸಂಶಯ ಉಳಿದಿತ್ತು. ವ್ಯತ್ಯಾಸ ನಿಜವಾಗಿ ಕೆಪಾಸಿಟನ್ಸಿನದೋ, ಅಥವಾ ಬೆಳ್ಳಿ, ಹೆಣಿಗೆ, ಉದ್ದ ಇಂಥ ಬೇರೆ ಯಾವುದರದ್ದೋ? ಅದಕ್ಕಾಗಿ ಮೂರನೆಯ ಸಲ ಇಳಿದು ಹೋದಾಗ, ಗಿಡ್ಡ ಕೇಬಲಿನಂಥದೇ ಇನ್ನೊಂದನ್ನು ಮಾಡಿ, ಅದರ ಪ್ಲಗ್ಗುಗಳೊಳಗೆ ಎರಡೂ ಕಡೆಯ ಚಾನಲ್ಲಿಗೆ 270 ಪಿಕೊಫ್ಯಾರಡಿನ ತಲಾ ಒಂದು ಕೆಪಾಸಿಟರ್ ಬೆಸೆದೊಯ್ದೆ. ನೋಡಲು ಎರಡೂ ಒಂದೇ. ಯಾವುದು ಯಾವುದೆಂದು ಹೇಳದೆ ಕೇಳಿಸಿದೆ. ಕೆಪಾಸಿಟರ್ ಇದ್ದದ್ದನ್ನು ಹಾಕಿದಾಗ ಮಾಸ್ತರರು ಅರ್ಧ ನಿಮಿಷದೊಳಗೆ ಕೈಯೆತ್ತಿ, ನೂಲು ಮತ್ತೆ ಸರಿಯಿತು ಎಂದರು. ಕೆಲವೇ ರೂಪಾಯಿಯ ಬಿಡಿಭಾಗ ದುಬಾರಿ ಕೇಬಲಿನ ಸ್ವರವನ್ನು ತಂದುಕೊಟ್ಟಿತ್ತು. ಆಮೇಲೆ ಇಬ್ಬರಿಗೂ ಸಂಶಯ ಉಳಿಯಲಿಲ್ಲ.

ತೀರ್ಮಾನ ಮತ್ತು ಜೋಡಣೆ

ಟರ್ನ್‌ಟೇಬಲಿನ ಕೇಬಲ್ ಗಿಡ್ಡವಿರಬೇಕಾದರೆ ಆಂಪ್ಲಿಫೈಯರೂ ಒಳಗೋಡೆಗೇ ಬರಬೇಕು, ಹಾಗಾದರೆ ಸ್ಪೀಕರುಗಳ ತಂತಿ ಉದ್ದವಾಗುತ್ತದೆ. ಇದಕ್ಕೆ ಮಾಸ್ತರರು ಹಿಂಜರಿದರು. ಸ್ಪೀಕರಿನ ತಂತಿಗೆ ಕೆಪಾಸಿಟನ್ಸಿನ ಚಿಂತೆಯಿಲ್ಲ, ಅಲ್ಲಿ ನೋಡಬೇಕಾದದ್ದು ರೋಧ ಮಾತ್ರ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ಬಹುಎಳೆ ತಾಮ್ರದ ವೈರ್ 5 ಮೀಟರ್ ಎಳೆದರೆ ಹೋಗಿ ಬರುವ ದಾರಿಯ ಒಟ್ಟು ರೋಧ 0.07 ಓಮ್, 8 ಓಮಿನ ಸ್ಪೀಕರಿನ ಎದುರು ಶೇ. 1ಕ್ಕೂ ಕಡಿಮೆ. ಕುಮಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದೇ ದಿನ ಸಿಕ್ಕಿತು. ಉದ್ದವನ್ನು ಎಲ್ಲಿ ಇಡಬೇಕು ಎಂಬ ಈ ನಿರ್ಧಾರ, ಯಾವ ಕಂಪನಿಯ ಕೇಬಲ್ ಎಂಬುದಕ್ಕಿಂತ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಸಲಕರಣೆಗಳನ್ನು ಒಂದಕ್ಕೊಂದು ಜೋಡಿಸುವ ಇಂಟರ್‌ಕನೆಕ್ಟುಗಳಿಗೆ ಆರ್‌ಜಿ-59 ಮಾದರಿಯ ಕೋ-ಆಕ್ಸಿಯಲ್ ಕೇಬಲನ್ನೇ ಉಳಿಸಿಕೊಂಡೆ. ಅದರ ಕೆಪಾಸಿಟನ್ಸ್ ಒಂದು ಮೀಟರ್ ಉದ್ದಕ್ಕೆ ಸುಮಾರು 67 ಪಿಕೊಫ್ಯಾರಡ್. ಇದರಲ್ಲಿ ಒಂದು ಎಚ್ಚರ ಬೇಕು. ಟಿ.ವಿ.ಗೆಂದು ಮಾರುವ ಕೋ-ಆಕ್ಸಿಯಲ್ ಕೇಬಲುಗಳಲ್ಲಿ ಬಹಳಷ್ಟಕ್ಕೆ ನಡುವೆ ತಾಮ್ರದ ಲೇಪವಿರುವ ಉಕ್ಕಿನ ತಂತಿ, ಹೊರಗೆ ಅಲ್ಯೂಮಿನಿಯಮ್ ಹೆಣಿಗೆ ಇರುತ್ತದೆ. ಅಲ್ಯೂಮಿನಿಯಮ್ಮಿಗೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ತೆಳು ಹೆಣಿಗೆಯ ರೋಧವೂ ಹೆಚ್ಚು, ಮತ್ತು ಗುಂಯ್ ಸದ್ದಿನ ವಿಷಯದಲ್ಲಿ ನಿರ್ಣಾಯಕವಾದದ್ದು ಈ ಹೊರಹೆಣಿಗೆಯ ರೋಧವೇ. ಅಂಗಡಿಯಲ್ಲೇ ಒಂದು ಅಯಸ್ಕಾಂತ ತಾಗಿಸಿ ನೋಡಿದರೆ ಉಕ್ಕಿನ ನಡುತಂತಿ ತಿಳಿದುಬಿಡುತ್ತದೆ. ಹೊರಹೆಣಿಗೆಯ ಬಣ್ಣ ಕೆಂಪೋ ಬಿಳಿಯೋ ನೋಡಿ, ಬಿಳಿಯಾದರೆ ತವರದ ಲೇಪದ ತಾಮ್ರವೋ ಅಲ್ಲವೋ ಎಂದು ಚಾಕುವಿನಿಂದ ಕೆರೆದು ನೋಡಬೇಕು. ಆಂಪ್ಲಿಫೈಯರಿನ ಜಾಕುಗಳು ನಿಕಲ್ ಲೇಪದವು, ಆದ್ದರಿಂದ ಪ್ಲಗ್ಗುಗಳನ್ನೂ ಗಟ್ಟಿಯಾದ ನಿಕಲ್ ಲೇಪದವನ್ನೇ ಆರಿಸಿದೆ. ಬೆಸುಗೆಯ ಮೇಲೆ ಹೀಟ್ ಶ್ರಿಂಕ್ ಸ್ಲೀವನ್ನು ಕೇಬಲಿನ ಹೊರಕವಚದವರೆಗೂ ಎಳೆದು ಮುಚ್ಚಿದೆ. ಇಲ್ಲದಿದ್ದರೆ ತೇವ ಹೆಣಿಗೆಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿ, ಕಾಣದ ಕಡೆ ಕಪ್ಪಾಗಿಸುತ್ತದೆ. ಎಲ್ಲ ಸೇರಿ ಖರ್ಚು ₹1,200ರ ಒಳಗೆ ಮುಗಿಯಿತು.

ಸಲಕರಣೆಗಳಲ್ಲಿ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಜೋಡಣೆ ಇದ್ದಿದ್ದರೆ ಗುಂಯ್ ಸದ್ದಿನ ಕಥೆ ಬೇರೆಯೇ ಆಗುತ್ತಿತ್ತು. ಅಲ್ಲಿ ಸಂಕೇತಕ್ಕೆ ಎರಡು ಪ್ರತ್ಯೇಕ ತಂತಿಗಳಿದ್ದು ಶೀಲ್ಡಿಗೆ ಕಾವಲಿನ ಕೆಲಸವಷ್ಟೇ ಇರುತ್ತದೆ. ಈ ಮನೆಯಲ್ಲಿ ಅದು ಇರಲಿಲ್ಲ.

ಮುಂದಿನ ಮಳೆಗಾಲ

ಮುಂದಿನ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಾಸ್ತರರು ನಾನು ಕೊಟ್ಟುಬಂದಿದ್ದ ಸಣ್ಣ ಮಲ್ಟಿಮೀಟರಿನಲ್ಲಿ ತಿಂಗಳಿಗೊಮ್ಮೆ ರೋಧವನ್ನು ಅಳೆದು, ಹಾಜರಿ ಪುಸ್ತಕದಂತೆ ಗೆರೆ ಹೊಡೆದ ನೋಟುಬುಕ್ಕಿನಲ್ಲಿ ಬರೆದಿಟ್ಟರು. ಪ್ರತಿ ತಿಂಗಳ ಮೊದಲ ದಿನ ವಿದ್ಯುತ್ ಆರಿಸಿ ಎಲ್ಲ ಪ್ಲಗ್ಗುಗಳನ್ನೂ ಕಳಚಿ, ಒಣಬಟ್ಟೆಯಲ್ಲಿ ಒರೆಸಿ, ತಿರುಚಿ ಚುಚ್ಚುವುದು ಕ್ರಮವಾಯಿತು. ಜುಲೈಯಲ್ಲಿ ಡ್ಯಾಕಿನ ಎಡಜಾಕ್ 0.8 ಓಮಿಗೆ ಏರಿತ್ತು, ಕಳಚಿ ಚುಚ್ಚಿದ ಮೇಲೆ ಮೀಟರಿನ ಕಡ್ಡಿಗಳ ಸ್ವಂತ ರೋಧದಿಂದ ಬೇರ್ಪಡಿಸಲಾಗದಷ್ಟು ಇಳಿಯಿತು. ಉಳಿದವು ಏರಲೇ ಇಲ್ಲ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗ ಫೋನೋದಲ್ಲಿ ಒಂದು ಟಕ್ ಈಗಲೂ ಕೇಳುತ್ತದೆ, ಅದನ್ನು ಇನ್ನೂ ಬಗೆಹರಿಸಬೇಕಿದೆ.

ದುಬಾರಿ ಕೇಬಲನ್ನು ಮಾರಲು ಮಾಸ್ತರರು ಒಪ್ಪಲಿಲ್ಲ. ಈಗ ಅದು ಡ್ಯಾಕಿನಿಂದ ಹೆಡ್‌ಫೋನ್ ಆಂಪ್ಲಿಫೈಯರಿಗೆ ಹೋಗುತ್ತದೆ. ಅದರ ಉದ್ದದಿಂದಾಗಿ ಅವರು ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತೇ ರಾತ್ರಿ ಕೇಳಬಹುದು. ಒಳಗೋಡೆಯ ಟರ್ನ್‌ಟೇಬಲಿನ ಹಿಂದೆ, ಗಿಡ್ಡ ಕೇಬಲಿನ ಪಕ್ಕದಲ್ಲಿ, ಅವರ ಕೈಬರಹದ ಚೀಟಿಯೊಂದನ್ನು ಅಂಟಿಸಿದ್ದಾರೆ: “0.7 ಮೀಟರ್. ಉದ್ದ ಮಾಡಬಾರದು.”